ಜಲ್ಲೆ

ಹೆಂಡತಿಗೆ ಕೆಲಸ ಸಿಕ್ಕ ಊರಿಗೆ ಗಂಡ ಹೋಗಿ ಇರುವುದು ನಮ್ಮ ಕಡೆ ಅಷ್ಟಾಗಿ ರೂಢಿಯಲ್ಲಿಲ್ಲ. ಆದರೂ ಅಂಥದೊಂದು ಕಾರ್ಯ ನನ್ನಿಂದ ನಡೆದುಹೋಗಿದೆ. ಆಕೆಗೆ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷದ ಸಂಶೋಧನೆಯ ಕೆಲಸ. ನನಗೆ ಕಾಲೇಜಿನಿಂದ ಸಂಬಳವಿಲ್ಲದ ರಜೆ. ಒಂಬತ್ತು ವರ್ಷದ ಮಗಳಿಗೆ ಇಲ್ಲಿನ ಶಾಲೆ. ಮೂವರಲ್ಲಿ ಮಾತೇ ಕಸುಬಾಗಿದ್ದವನು ನಾನೊಬ್ಬ. ಇಲ್ಲಿಗೆ ಬಂದು ಮಾತಿಲ್ಲದವನಾದವನೂ ನಾನೊಬ್ಬನೇ. ಪಂಪನನ್ನೂ ಹರಿಹರನನ್ನೂ ಗಂಟೆಗಟ್ಟಲೆ ಬಿಡಿಸಿ ಹೇಳುತ್ತಿದ್ದ ಬಾಯಿ, ತರಕಾರಿ ಅಂಗಡಿಯಲ್ಲಿ ತನ್ನ ಅಧಿಕಾರವನ್ನೆಲ್ಲ ತೋರುಬೆರಳಿಗೆ ವಹಿಸಿಕೊಟ್ಟು ಸುಮ್ಮನಿರುತ್ತದೆ.

ಕೆಲಸವಿಲ್ಲದವನಿಗೆ ಊರು ಬೇಗ ಪರಿಚಯವಾಗುತ್ತದೆ. ಈ ಸೀಮೆಗೆ ಶ್ವಾಬಿಯ ಎಂದು ಹೆಸರು. ಇಲ್ಲಿಯವರು ಅಕ್ಕರೆಯ ವಸ್ತುವಿಗೆಲ್ಲ ಕೊನೆಯಲ್ಲೊಂದು ‘ಲೆ’ ಹಚ್ಚುತ್ತಾರೆ. ಬೆಳಗಿನ ಪುಟ್ಟ ಬ್ರೆಡ್ಡು ‘ವೆಕ್ಲೆ’. ಪುಟ್ಟ ಮನೆ ‘ಹೊಯ್ಸ್‌ಲೆ’. ಈ ಎರಡನೆಯದನ್ನು ಮೊದಲ ಸಲ ಬಸ್ಸಿನಲ್ಲಿ ಕೇಳಿದಾಗ ನನ್ನ ಕಣ್ಣೆದುರಿಗೆ ಬೇಲೂರು ಬಂದು ನಿಂತಿತು! ಇನ್ನು ಖಾಲಿ ಬಾಟಲಿಯ ವಿಚಾರ. ನೀರಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟು ಮುಂಗಡ ಹಿಡಿಯುತ್ತಾರೆ. 2003ರಲ್ಲಿ ಬಂದ ಕಾನೂನು. ಅಂಗಡಿಯ ಮೂಲೆಯಲ್ಲಿ ಬಾಯಿ ತೆರೆದು ನಿಂತ ಯಂತ್ರಕ್ಕೆ ಬಾಟಲಿ ಉಣಿಸಿದರೆ ಅದು ಚೀಟಿ ಕೊಡುತ್ತದೆ. ಚೀಟಿ ಕೊಟ್ಟರೆ ಹಣ. ಏರ್ಪಾಡು ಬಹಳ ಸೊಗಸು. ಆದರೆ ಹಳೇ ಪೇಪರಿನವನ ತಕ್ಕಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಚೌಕಾಸಿ ಮಾಡಿ ಬೆಳೆದ ನನಗೆ, ಯಾವ ವಾದಕ್ಕೂ ಸಿಕ್ಕದ ಈ ಯಂತ್ರ ಸ್ವಲ್ಪ ನೀರಸವಾಗಿಯೇ ಕಂಡಿತು.

ಇವೆಲ್ಲ ಬರಿಯ ತಮಾಷೆ. ಒಂದು ದಿನ ನಗು ನಿಂತಿತು. ಊರಿನಿಂದ ನನ್ನ ತಾಯಿ ಫೋನು ಮಾಡಿ, ತರಗತಿಯಲ್ಲಿ ಎಷ್ಟು ಮಕ್ಕಳೆಂದು ಮೊಮ್ಮಗಳನ್ನು ಕೇಳಿದರು. ಆಕೆ ಸಲೀಸಾಗಿ “ನಾಲ್ಕಿಪ್ಪತ್ತು” ಎಂದಳು.

“ಎಂಬತ್ತೇ? ಅದಕ್ಕಿಂತ ನಮ್ಮೂರ ಸ್ಕೂಲೇ ವಾಸಿ ಕಣೇ!” ಎಂದರು ಅಜ್ಜಿ.

ಜರ್ಮನ್ನರು ಇಪ್ಪತ್ತನಾಲ್ಕನ್ನು ‘ನಾಲ್ಕೂ ಇಪ್ಪತ್ತೂ’ ಎಂದು ಎಣಿಸುತ್ತಾರೆ. ಸಂಸ್ಕೃತದ ಚತುರ್ವಿಂಶತಿಯೂ ಅದೇ ಜಾಡಿನದು ಎಂದು ವ್ಯಾಕರಣದ ಸಮಾಧಾನ ಹೇಳಿಕೊಳ್ಳಬಹುದು. ಹೇಳಿಕೊಂಡೆ. ಸಮಾಧಾನವಾಗಲಿಲ್ಲ. ಲೆಕ್ಕ ಯಾವ ಭಾಷೆಯಲ್ಲಿ ನಡೆಯುತ್ತದೋ ಮನಸ್ಸು ಅಲ್ಲಿಯೇ ಬಿಡಾರ ಹೂಡುತ್ತದೆ ಎಂಬುದು ನನ್ನ ಎಣಿಕೆ. ಕನ್ನಡ ಮೇಷ್ಟರ ಮಗಳು ಕನ್ನಡದ ಅಂಕಿಗಳನ್ನು ಹಿಂದುಮುಂದು ಮಾಡುತ್ತಿದ್ದಳು, ಅದೂ ಅವಳಿಗೇ ಅರಿವಿಲ್ಲದಂತೆ.

ಅಂದಿನಿಂದ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಸಂಜೆ ತಿರುಗಾಡಲು ಹೋದಾಗ ಕಣ್ಣಿಗೆ ಬಿದ್ದ ಮೂರು ವಸ್ತುಗಳಿಗೆ ಅವಳು ಜರ್ಮನ್ ಹೆಸರು ಹೇಳಬೇಕು, ನಾನು ಕನ್ನಡದ್ದು. ನಡುವೆ ಇಂಗ್ಲಿಷ್ ತೂರಿಸಿದರೆ ಸೋತಂತೆ. ಗೆಲ್ಲುವವಳು ಸಾಮಾನ್ಯವಾಗಿ ಅವಳೇ. ಬಾಟಲಿ ನುಂಗುವ ಆ ಯಂತ್ರಕ್ಕೆ ನಮ್ಮ ಯಾವ ಕವಿಯೂ ಹೆಸರಿಟ್ಟು ಹೋಗಿಲ್ಲವಷ್ಟೆ!

ನೆಕ್ಕಾರ್ ನದಿಯ ಬಳಿ ನನಗೆ ಅದೃಷ್ಟ ಒಲಿಯಿತು. ಸೇತುವೆಯ ಮೇಲೆ ನಿಂತರೆ ಒಂದು ಕಡೆ ಸಾಲುಮರಗಳ ನಡುಗಡ್ಡೆ. ಇನ್ನೊಂದು ದಡದಲ್ಲಿ ಹೆಲ್ಡರ್ಲಿನ್ ಕವಿಯ ಹೆಸರಿನ ಹಳದಿ ಗೋಪುರ. ಮನಸ್ಸು ಕದಡಿದ ಆ ಕವಿ 1807ರಿಂದ 1843ರಲ್ಲಿ ತೀರಿಕೊಳ್ಳುವವರೆಗೆ, ಬಡಗಿಯೊಬ್ಬನ ಮನೆಯವರ ಆರೈಕೆಯಲ್ಲಿ, ಇಲ್ಲಿಯೇ ದಿನ ಕಳೆದ. ಕೆಳಗೆ ನೀರಿನಲ್ಲಿ ಉದ್ದನೆಯ ಮರದ ದೋಣಿಗಳು. ಹಿಂದುಗಡೆ ಒಬ್ಬ ನಿಂತು, ಉದ್ದದ ಕೋಲನ್ನು ಹೊಳೆಯ ತಳಕ್ಕೆ ಊರಿ ಊರಿ ದೋಣಿಯನ್ನು ನೂಕುತ್ತಾನೆ. ಜೂನ್ ತಿಂಗಳ ಹೊತ್ತಿಗೆ ಈ ದೋಣಿಗಳಿಗೆ ಪಂದ್ಯವೂ ಉಂಟು. ಸೋತ ತಂಡದವರು ಎಲ್ಲರೆದುರಿಗೆ ಮೀನೆಣ್ಣೆ ಕುಡಿಯಬೇಕು.

“ಅದು ಷ್ಟಾಂಗೆ. ಈಗ ನೀನು ಹೇಳಪ್ಪ” ಎಂದಳು ಮಗಳು, ಕೋಲನ್ನು ತೋರಿಸಿ.

“ಜಲ್ಲೆ.”

“ಸುಳ್ಳು! ಜಲ್ಲೆ ಅಂದ್ರೆ ಕಬ್ಬು. ಸಂಕ್ರಾಂತೀಲಿ ಅಜ್ಜಿ ಕೊಡ್ತಾರಲ್ಲ, ಅದು.”

ಕಬ್ಬಿಗೂ ಅದೇ ಮಾತು, ದೋಣಿಯ ಗಳುವಿಗೂ ಅದೇ ಮಾತು ಎಂದು ಹೇಳಹೊರಟವನು ಎಲ್ಲಿಂದೆಲ್ಲಿಗೋ ಹೋದೆ. ತಿರುಮಕೂಡಲಿನಲ್ಲಿ ನನ್ನ ತಾಯಿಯ ಸೆರಗು ಹಿಡಿದು ಹೊಳೆ ದಾಟಿದ್ದು, ನೀರು ಕಡಮೆಯಿದ್ದ ಕಡೆ ಅಂಬಿಗ ಹುಟ್ಟನ್ನು ಒಳಗೆಳೆದು ಜಲ್ಲೆ ಹಿಡಿದದ್ದು, ಜಲ್ಲೆಯ ತುದಿಯಿಂದ ಸೋರಿದ ಕೆಸರುನೀರು ನನ್ನ ಹೊಸ ಅಂಗಿಯ ಮೇಲೆ ಬಿದ್ದದ್ದು. ಅಂಬಿಗರ ಚೌಡಯ್ಯನ ವಚನ ಪಾಠ ಮಾಡುವಾಗ ಹುಟ್ಟು, ಹರಿಗೋಲು ಎಂಬ ಮಾತುಗಳಿಗೆ ಅರ್ಥ ಬರೆಸಿ ಮುಂದೆ ಹೋಗುವುದು ನಮ್ಮ ಕಾಲೇಜುಗಳ ಪದ್ಧತಿ. ಹಾಗೆಂದರೇನು, ತೋರಿಸಿ ಎಂದು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಿದ್ದಿಲ್ಲ. ಇಲ್ಲಿ ಪದಾರ್ಥ ಕಣ್ಣೆದುರಿಗಿತ್ತು; ಪದ ನನ್ನಲ್ಲಿತ್ತು; ಕೇಳುವವಳೂ ಇದ್ದಳು. ಇಂಥ ತರಗತಿ ನನಗೆ ಹಿಂದೆಂದೂ ದೊರೆತಿರಲಿಲ್ಲ.

ಓದುಗರು ಇಷ್ಟು ಹೊತ್ತಿಗೆ ಕಿಟ್ಟೆಲರನ್ನು ನೆನೆದಿರಬಹುದು. ಅವರು ತೀರಿಕೊಂಡದ್ದು ಈ ಊರಿನಲ್ಲಿಯೇ, 1903ರಲ್ಲಿ. ಇಲ್ಲಿನ ವಿಶ್ವವಿದ್ಯಾನಿಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಆದರೆ ಅವರು ಇಲ್ಲಿಯವರಲ್ಲ. ಹುಟ್ಟಿದ್ದು ದೂರದ ಉತ್ತರ ಸಮುದ್ರತೀರದ ಸೀಮೆಯಲ್ಲಿ. 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ನಮ್ಮ ನಾಡಿಗೆ ಬಂದಿಳಿದಾಗ ಅವರಿಗೂ ಒಂದು ಕಾಲ ಬೆರಳೇ ಬಾಯಾಗಿದ್ದಿರಬೇಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ಆ ನಿಘಂಟನ್ನು ನಾನು ಎಷ್ಟೋ ಸಲ ತಿರುವಿಹಾಕಿದ್ದೇನೆ. ಪಂಡಿತರ ಮಾತಿನ ಪಕ್ಕದಲ್ಲೇ ಒಕ್ಕಲಿಗರ ಮಾತಿಗೂ ಜಾಗ ಕೊಟ್ಟದ್ದು ಅದರ ಹಿರಿಮೆ ಎಂದು ತರಗತಿಯಲ್ಲಿ ಹೊಗಳಿಯೂ ಇದ್ದೇನೆ. ಅಂಥ ಒಂದೊಂದು ಮಾತಿಗೂ, ‘ಇದಕ್ಕೇನನ್ನುತ್ತೀರಿ?’ ಎಂದು ಯಾರನ್ನೋ ಕೇಳಿ ಕಾದು ನಿಂತಿರಬೇಕಲ್ಲ ಎಂಬುದು ನನಗೆ ಹೊಳೆದದ್ದು ಮಾತ್ರ ಇಲ್ಲಿ, ಸೇತುವೆಯ ಮೇಲೆ.

ಮುಂದಿನ ಭಾನುವಾರ ರೈಲಿನಲ್ಲಿ ಎಸ್‌ಲಿಂಗೆನ್‌ಗೆ ಹೋಗಿಬಂದೆವು. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಊರಿಗೆ ಊರೇ ಕಾಲಿಗೆ ಜೋಡು ಬಿಗಿದುಕೊಂಡು ಹೊರಡುತ್ತದೆ; ನಾವೂ ಹೊರಟೆವು. ನೆಕ್ಕಾರ್ ಅಲ್ಲಿಗೂ ಹರಿಯುತ್ತದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ಅವರ ಗುರುತು ಹುಡುಕುವ ಆಸೆ ನನ್ನದು, ಐಸ್‌ಕ್ರೀಮಿನ ಆಸೆ ಮಗಳದು. ಅವಳದೇ ನಡೆಯಿತು.

ಮರಳಿ ಬಂದಾಗ ನಮ್ಮ ಮನೆಯ ಬಾಗಿಲಿಗೆ ಒಂದು ಹಲಗೆ ನೇತುಬಿದ್ದಿತ್ತು: ‘ಕೇರ್‌ವೋಖೆ’. ಇಲ್ಲಿ ಕೇರ್ ಎಂದರೆ ಕೇರುವುದಲ್ಲ, ಗುಡಿಸುವುದು. ಒಂದು ಕಟ್ಟಡದ ಬಾಡಿಗೆದಾರರು ವಾರಕ್ಕೊಬ್ಬರಂತೆ ಮೆಟ್ಟಿಲನ್ನೂ ಬಾಗಿಲ ಮುಂದಿನ ದಾರಿಯನ್ನೂ ಗುಡಿಸಬೇಕು. ಈ ವಿಶ್ವವಿದ್ಯಾನಿಲಯವನ್ನು 1477ರಲ್ಲಿ ಸ್ಥಾಪಿಸಿದ ಗಡ್ಡದ ಎಬರ್‌ಹಾರ್ಡ್ ದೊರೆಯೇ 1492ರಲ್ಲಿ ಸ್ಟುಟ್‌ಗಾರ್ಟಿನವರಿಗೆ ಕಸದ ಕಟ್ಟಳೆಯನ್ನೂ ಮಾಡಿದನಂತೆ. ವಿದ್ಯೆಗೂ ಪೊರಕೆಗೂ ಒಬ್ಬನೇ ಮೂಲಪುರುಷ! ಕೆಳಗಿನ ಮನೆಯ ಮುದುಕಿ ಪೊರಕೆ ಇರುವ ಜಾಗವನ್ನು ತೋರಿಸಿ, ನಿಧಾನವಾಗಿ ಏನೋ ಹೇಳಿದರು. ಕೊನೆಯಲ್ಲೊಂದು ‘ಲೆ’ ಇದ್ದುದರಿಂದ ಅದು ಬೈಗುಳವಲ್ಲವೆಂದು ಧೈರ್ಯವಾಯಿತು.

“ಕೇರ್‌ವೋಖೆಗೆ ಕನ್ನಡದಲ್ಲಿ?” ಎಂದಳು ಮಗಳು.

“ಪಾಳಿ. ಗುಡಿಸೋ ಪಾಳಿ. ಅಜ್ಜಿಯ ಊರಲ್ಲಿ ಗದ್ದೆಗೆ ನೀರು ಬಿಡೋದಕ್ಕೂ ಪಾಳಿ ಅಂತಾರೆ.”

ಅವಳು ಅಂದು ಸಂಜೆಯೇ ಫೋನಿನಲ್ಲಿ, “ಅಜ್ಜಿ, ಈ ವಾರ ಗುಡಿಸೋ ಪಾಳಿ ನಮ್ದು” ಎಂದು ವರದಿ ಒಪ್ಪಿಸಿದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ.

“ನಮ್ದು ಅಂದ್ರೆ? ನಿಮ್ಮಪ್ಪ ಪೊರಕೆ ಹಿಡೀತಾನಾ? ಒಂದು ಫೋಟೋ ತೆಗೆದು ಕಳಿಸೇ, ಮಗಳೇ.”