50 ಮೀಟರು ದೂರದ ಗುರಿ

ಹೆಣ್ಣುಮಕ್ಕಳ ವ್ಯಾಯಾಮದ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಬೇಕೆಂದು ಬಹು ದಿವಸಗಳಿಂದ ಯೋಚಿಸುತ್ತಿದ್ದೆನು. ಅದಕ್ಕೆ ದೃಷ್ಟಾಂತವಾಗಿ ನಾನು ಆರಿಸಿಕೊಂಡಿರುವ ಆಟವು ದೂರದೇಶದ್ದು. ಅದರ ಹೆಸರು ಬಯಾತ್ಲಾನ್. ಹಿರಿಯೂರಿನ ಬಿಸಿಲಿನಲ್ಲಿಯೂ ಹೊಸದುರ್ಗದ ತೆಂಗಿನ ತೋಟಗಳಲ್ಲಿಯೂ ಹೊಳಲ್ಕೆರೆಯ ಅಡಿಕೆಯ ನೆರಳಿನಲ್ಲಿಯೂ ಬೆಳೆದ ನಮ್ಮ ಮಕ್ಕಳಿಗೆ ಹಿಮವೆಂಬುದು ಭೂಗೋಳ ಪುಸ್ತಕದ ಚಿತ್ರ ಮಾತ್ರ. ಆದರೂ ಈ ಹಿಮದ ಆಟದಿಂದ ನಾವು ಕಲಿಯತಕ್ಕದ್ದು ಉಂಟು.

ಆಟದ ಕ್ರಮವು ಹೀಗಿದೆ. ಸ್ಪರ್ಧಾಳುವು ಕನಿಷ್ಠ 3.5 ಕಿಲೋಗ್ರಾಂ ತೂಕದ ಬಂದೂಕನ್ನು ಬೆನ್ನಿಗೆ ಕಟ್ಟಿ, ಕಾಲಿಗೆ ಉದ್ದನೆಯ ಜಾರುಹಲಗೆಗಳನ್ನು ತೊಟ್ಟು, ಏರಿಳಿತಗಳ ಹಿಮದ ದಾರಿಯಲ್ಲಿ ವೇಗವಾಗಿ ಸಾಗಬೇಕು. ನಡುನಡುವೆ ತಡೆದು 50 ಮೀಟರು ದೂರದಲ್ಲಿರುವ 5 ಗುರಿಗಳಿಗೆ ಗುಂಡು ಹೊಡೆಯಬೇಕು. ಮಲಗಿ ಹೊಡೆಯುವಾಗ ಗುರಿಯ ವ್ಯಾಸವು 45 ಮಿಲಿಮೀಟರು. ನಿಂತು ಹೊಡೆಯುವಾಗ 115. ದೀರ್ಘವಾದ ಸ್ಪರ್ಧೆಯಲ್ಲಿ ಹೀಗೆ 4 ಸಾರಿ, ಒಟ್ಟು 20 ಗುಂಡುಗಳು. ತಪ್ಪಿದ ಒಂದೊಂದಕ್ಕೆ ಒಂದೊಂದು ನಿಮಿಷದ ದಂಡ. ಎದೆಯು ನಗಾರಿಯಂತೆ ಬಡಿದುಕೊಳ್ಳುತ್ತಿರುವಾಗಲೇ ಉಸಿರನ್ನು ಹದಕ್ಕೆ ತಂದು ಕೈಯನ್ನು ಸ್ಥಿರಪಡಿಸಿಕೊಳ್ಳುವುದೇ ಇದರ ಮರ್ಮ.

1960ರಲ್ಲಿ ಅಮೆರಿಕದ ಸ್ಕ್ವಾ ವ್ಯಾಲಿಯಲ್ಲಿ ಈ ಆಟವು ಮೊದಲ ಬಾರಿ ಒಲಿಂಪಿಕ್ ಕೂಟವನ್ನು ಸೇರಿತು. ಅಲ್ಲಿ ಎಲ್ಲರಿಗಿಂತ ವೇಗವಾಗಿ ಸಾಗಿದವನು ಫ್ರಾನ್ಸಿನ ವಿಕ್ಟರ್ ಅರ್ಬೆ. ಆದರೆ ಅವನ 20 ಗುಂಡುಗಳಲ್ಲಿ 18 ತಪ್ಪಿದವು. ಗೆದ್ದವನು ವೇಗದಲ್ಲಿ ಅವನಿಗಿಂತ ಬಹಳ ಹಿಂದಿದ್ದ ಸ್ವೀಡನ್ನಿನ ಕ್ಲಾಸ್ ಲೆಸ್ಟಾಂಡರ್. ಅವನ 20 ಗುಂಡುಗಳೂ ಗುರಿ ಮುಟ್ಟಿದವು.

ಆ ಕೂಟದಲ್ಲಿ ಈ ಆಟವು ಪುರುಷರಿಗೆ ಮಾತ್ರ ಮೀಸಲಾಗಿತ್ತು. ಸ್ತ್ರೀಯರಿಗೆ ಮೊದಲ ವಿಶ್ವಸ್ಪರ್ಧೆಯು ಫ್ರಾನ್ಸಿನ ಶಮೊನಿಯಲ್ಲಿ 1984ರಲ್ಲಿ ನಡೆಯಿತು; ಒಲಿಂಪಿಕ್ಕಿನ ಬಾಗಿಲು 1992ರಲ್ಲಿ ತೆರೆಯಿತು. ಅಂದರೆ 32 ವರುಷ ಕಾಯಬೇಕಾಯಿತು! ಆ ದೀರ್ಘ ಸ್ಪರ್ಧೆಯಲ್ಲಿ ಪುರುಷರಿಗೆ 20 ಕಿಲೋಮೀಟರು, ಸ್ತ್ರೀಯರಿಗೆ 15 ಎಂದು ದಾರಿಯನ್ನು ಬೇರೆ ಮಾಡಿದರು. ಆದರೆ ವಾಚಕರು ಇದೊಂದನ್ನು ಗಮನಿಸಬೇಕು: ಗುರಿಯನ್ನು ಬೇರೆ ಮಾಡಲಿಲ್ಲ. ಇಬ್ಬರಿಗೂ ಅದೇ 50 ಮೀಟರು, ಅದೇ 45 ಮಿಲಿಮೀಟರು. ಹೆಂಗಸೆಂದು ಯಾರೂ ಗುರಿಯನ್ನು ಹತ್ತಿರಕ್ಕೆ ತಂದಿಡಲಿಲ್ಲ. ಆಕೆಗೆ ಅದು ಬೇಕಾಗಿಯೂ ಇರಲಿಲ್ಲ.

ಇಷ್ಟನ್ನು ಹೇಳಿದುದಕ್ಕೆ ಕಾರಣವುಂಟು. ಪ್ರತಿ ವರುಷವೂ ಹುಡುಗಿಯರು ಎಂಟನೆಯ ತರಗತಿಯನ್ನು ದಾಟುತ್ತಲೇ ಕೆಲವು ಹೆತ್ತವರು ನನ್ನ ಕೊಠಡಿಗೆ ಬಂದು, “ಅಮ್ಮಾ, ಓದು ಸಾಕು, ಓಟದಿಂದ ಇವಳಿಗೆ ವಿನಾಯಿತಿ ಕೊಡಿ” ಎನ್ನುತ್ತಾರೆ. ಅವರ ಅಕ್ಕರೆಯನ್ನು ನಾನು ಬಲ್ಲೆನು. ಆದರೆ ಅದೇ ಹುಡುಗಿಯ ಎದುರಿಗೆ ಎರಡು ವರುಷಗಳಲ್ಲಿ ಇಡಲ್ಪಡುವ ಪರೀಕ್ಷೆಯ ಪತ್ರಿಕೆಯು ಹುಡುಗರದಕ್ಕಿಂತ ಸುಲಭವಾದುದಲ್ಲ. ಮುಂದೆ ಸಂಸಾರವೂ ಉದ್ಯೋಗವೂ ಒಡ್ಡುವ ಕಷ್ಟಗಳು ಹೆಣ್ಣೆಂದು ರಿಯಾಯಿತಿ ತೋರುವುದಿಲ್ಲ. ಗುರಿಯು ಸಮಾನವಾಗಿರುವಾಗ ಅಭ್ಯಾಸವನ್ನು ಮಾತ್ರ ಕಡಿಮೆ ಮಾಡುವುದು ನ್ಯಾಯವೇ? ಏದುಸಿರಿನ ನಡುವೆಯೂ ಮನಸ್ಸನ್ನು ನಿಲ್ಲಿಸುವ ವಿದ್ಯೆಯು ಓಡಿದವಳಿಗೇ ದೊರೆಯತಕ್ಕದ್ದು.

ಒನಕೆ ಓಬವ್ವನ ಊರಿನವರಿಗೆ ಇದನ್ನು ಬಹಳವಾಗಿ ಹೇಳಬೇಕಾಗಿಲ್ಲ. ಕೋಟೆಯ ಕಿಂಡಿಯ ಬಳಿ ಆಕೆಯನ್ನು ಗೆಲ್ಲಿಸಿದುದು ತೋಳಿನ ಬಲವೊಂದೇ ಅಲ್ಲ, ಅಲ್ಲಾಡದ ಮನಸ್ಸು ಕೂಡ.

ಹಿಮವಿಲ್ಲದ ನಾಡಿನವರಿಗೆ ಇದೆಲ್ಲಾ ಏತಕ್ಕೆ ಎನ್ನುವವರೂ ಇದ್ದಾರು. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಎಂಬಾಕೆಯು ಹಿಮದ ಮೇಲಿನ ದೂರದೋಟವನ್ನು ಕಲಿತು, 2024ರಲ್ಲಿ ಕಾಶ್ಮೀರದ ಗುಲ್ಮಾರ್ಗದಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಚಿನ್ನವನ್ನು ತಂದಳು. ಆಕೆಯ ಆಟದಲ್ಲಿ ಬಂದೂಕಿಲ್ಲ. ದಾರಿಯು ಮಾತ್ರ ಅದೇ ಹಿಮದ್ದು. ಇನ್ನು ವಯಸ್ಸು ಮೀರಿತೆನ್ನುವ ಪೂರ್ವ ವಿದ್ಯಾರ್ಥಿನಿಯರಿಗಾಗಿ ಒಂದು ಮಾತು. ಜರ್ಮನಿಯ ಡೆನಿಸ್ ಹೆರ್ಮನ್ ಎಂಬಾಕೆಯು ಹಿಮದೋಟದಲ್ಲಿ ಮಾತ್ರ ನುರಿತವಳಾಗಿದ್ದು, 2016ರಲ್ಲಿ, ತನ್ನ 27ನೆಯ ವಯಸ್ಸಿನಲ್ಲಿ, ಬಯಾತ್ಲಾನಿಗೆ ಬಂದಳು. 2022ರ ಬೀಜಿಂಗ್ ಒಲಿಂಪಿಕ್ಕಿನ 15 ಕಿಲೋಮೀಟರು ಸ್ಪರ್ಧೆಯಲ್ಲಿ 20ರಲ್ಲಿ 19 ಗುರಿಗಳನ್ನು ಹೊಡೆದು ಚಿನ್ನವನ್ನು ಪಡೆದಳು.

ಆದಕಾರಣ ಹೆತ್ತವರಲ್ಲಿ ನನ್ನ ಬಿನ್ನಹವಿಷ್ಟೇ: ಮುಂದಿನ ವರುಷದಿಂದ ಸಂಜೆಯ ಒಂದು ಗಂಟೆಯನ್ನು ನಿಮ್ಮ ಮಗಳಿಗೆ ಆಟದ ಬಯಲಿನಲ್ಲಿ ಬಿಟ್ಟುಕೊಡಿರಿ. ಕತ್ತಲಾಗುವ ಮೊದಲು ಆಕೆಯನ್ನು ಮನೆಗೆ ಕಳುಹಿಸುವ ಹೊಣೆಯು ನಮ್ಮದು.