ಕಂತೋ, ಕಂತೆಯೋ?

ಹಾವೇರಿಯ ಮಾಸ್ತರರ ಮನೆಯಲ್ಲಿ ಕಾರು ಕೊಳ್ಳಬೇಕೆಂಬ ನಿರ್ಣಯಕ್ಕೆ ಹಿಡಿದದ್ದು ಹತ್ತು ನಿಮಿಷ. ಯಾವ ಕಾರು ಎಂಬುದಕ್ಕೆ ಎರಡು ದಿನ. ಅದರ ಹಣವನ್ನು ಸಲ್ಲಿಸುವುದು ಹೇಗೆ ಎಂಬುದಕ್ಕೆ ಮಾತ್ರ ನವರಾತ್ರಿಯ ಒಂಬತ್ತು ದಿನಗಳೂ ಸಾಕಾಗಲಿಲ್ಲ.

ಮಾಸ್ತರರು ಮೂವತ್ತು ವರ್ಷಗಳಿಗೂ ಮಿಕ್ಕಿ ಹೈಸ್ಕೂಲಿನಲ್ಲಿ ಗಣಿತ ಹೇಳಿ, 2025ರ ಬೇಸಗೆಯಲ್ಲಿ ನಿವೃತ್ತರಾದವರು. ಸರಳ ಬಡ್ಡಿ, ಚಕ್ರಬಡ್ಡಿಗಳನ್ನು ಕರಿಹಲಗೆಯ ಮೇಲೆ ಅವರು ಎಷ್ಟು ಸಲ ಬರೆದು ಎಷ್ಟು ಸಲ ಒರೆಸಿದ್ದರೋ ಲೆಕ್ಕವಿಲ್ಲ. ಆದರೆ ಆ ಲೆಕ್ಕಗಳಲ್ಲಿ ಸಾಲ ತೆಗೆಯುತ್ತಿದ್ದವರು ಯಾವಾಗಲೂ ಯಾರೋ ಒಬ್ಬ 'ಅ', ಕೊಡುತ್ತಿದ್ದವನು ಮತ್ತೊಬ್ಬ 'ಬ'. ಈಗ 'ಅ'ನ ಸ್ಥಾನದಲ್ಲಿ ತಾವೇ ಕುಳಿತುಕೊಳ್ಳುವ ಪ್ರಸಂಗ ಬಂದೊಡನೆ ಅವರ ಗಣಿತ ಸ್ವಲ್ಪ ತೊದಲತೊಡಗಿತು.

ಕಾರು ಅವರ ಮನೆಗೆ ಶೋಕಿಯ ವಸ್ತುವಾಗಿರಲಿಲ್ಲ. ಮನೆಯವರ ಮೊಣಕಾಲು ಎರಡು ವರ್ಷದಿಂದ ಹಟ ಹಿಡಿದಿತ್ತು. ಹದಿನೈದು ದಿನಕ್ಕೊಮ್ಮೆ ಹುಬ್ಬಳ್ಳಿಯ ವೈದ್ಯರಲ್ಲಿಗೆ ಹೋಗಬೇಕು. ಎಪ್ಪತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ. ಆ ದೂರಕ್ಕಿಂತ ಬಸ್ಸಿನ ಮೂರು ಮೆಟ್ಟಿಲುಗಳೇ ಆಕೆಗೆ ದೊಡ್ಡ ಪ್ರಯಾಣವಾಗಿದ್ದವು. ಹೀಗಿರುವಾಗ 2025ರ ಸಪ್ಟೆಂಬರ 22ರಂದು, ಘಟಸ್ಥಾಪನೆಯ ದಿನವೇ, ಸಣ್ಣ ಕಾರುಗಳ ಮೇಲಿನ ತೆರಿಗೆ ಇಳಿಯಿತು. ಅದುವರೆಗೆ ಸಣ್ಣ ಪೆಟ್ರೋಲ್ ಕಾರಿಗೆ ಶೇಕಡಾ 28 ಜಿಎಸ್‌ಟಿಯೂ ಶೇಕಡಾ 1ರ ಸೆಸ್ಸೂ ಸೇರಿ 29 ಬೀಳುತ್ತಿದ್ದುದು ಒಮ್ಮೆಗೇ 18 ಆಯಿತು. ತೆರಿಗೆ ಬಿಟ್ಟು 5 ಲಕ್ಷದ ಕಾರಿಗೆ 6,45,000 ತೆರಬೇಕಾಗಿದ್ದವನು ಈಗ 5,90,000 ತೆತ್ತರಾಯಿತು. ಆಮೇಲೆ ಶೇಕಡಾ 14ರ ಜೀವಾವಧಿ ರಸ್ತೆ ತೆರಿಗೆ, ಅದಕ್ಕೊಂದು ಉಪಕರ, ಮೂರು ವರ್ಷದ ಕಡ್ಡಾಯ ವಿಮೆ ಎಲ್ಲ ಕೂಡಿಸಿದರೆ ಏಳು ಲಕ್ಷದ ಗೆರೆ ದಾಟುತ್ತದೆಂಬುದು ಬೇರೆ ಮಾತು. ಎರಡು ಲಕ್ಷ ಮಾಸ್ತರರ ಕೈಯಲ್ಲಿತ್ತು. ಉಳಿದ ಐದು ಲಕ್ಷವೂ ಇತ್ತು; ಗ್ರಾಚ್ಯುಟಿಯ ಹಣ, ಬ್ಯಾಂಕಿನಲ್ಲಿ ಠೇವಣಿಯಾಗಿ ಮಲಗಿತ್ತು. ಅದನ್ನು ಎಬ್ಬಿಸಬೇಕೋ, ಎಬ್ಬಿಸದೆ ಸಾಲ ತರಬೇಕೋ ಎಂಬುದೇ ಪ್ರಶ್ನೆ.

ಮೊದಲು ಬಂದವನು ತಮ್ಮ. ಬ್ಯಾಡಗಿ ತಾಲೂಕಿನ ಹಳ್ಳಿಯೊಂದರಲ್ಲಿ ಹಿರಿಯರ ಹೊಲ ನೋಡಿಕೊಂಡು ಮೆಣಸಿನಕಾಯಿ ಬೆಳೆಯುವವನು. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು, ಚಹಾ ಬರುವ ಮೊದಲೇ ತೀರ್ಪು ಕೊಟ್ಟುಬಿಟ್ಟ:

"ಸಾಲದ ಮಾತು ಬ್ಯಾಡ ಅಣ್ಣಾ. ರೊಕ್ಕ ಎಣಿಸಿ ಮೇಜಿನ ಮ್ಯಾಲ ಇಡು, ಗಾಡಿ ತೊಗೊಂಡು ಬಾ. ಅಪ್ಪ ಎರಡು ಎಕರೆ ಒತ್ತಿ ಹಾಕಿ ಹನ್ನೊಂದು ವರ್ಷ ಬಿಡಿಸಿಕೊಳ್ಳಾಕ ಆಗಲಿಲ್ಲ, ಮರತೀಯೇನು?"

ಮಾಸ್ತರರು ಮರೆತಿರಲಿಲ್ಲ. ಸರ್ವಜ್ಞನನ್ನು ತಮ್ಮವನೆಂದೇ ಎಣಿಸುವ ಆ ಜಿಲ್ಲೆಯಲ್ಲಿ ಸಾಲದ ಸುಖದುಃಖಗಳನ್ನು ಕುರಿತು ಅವನ ತ್ರಿಪದಿಯನ್ನು ಬಾಯಿಪಾಠ ಹೇಳದ ಹಿರಿಯನಿಲ್ಲ. ಹೇಳಿದ ಮೇಲೆ ಸಾಲ ಮಾಡದವರೂ ವಿರಳ. ಅದಿರಲಿ. ತಮ್ಮನ ಸಲಹೆಯಲ್ಲಿ ಕಾಯಿದೆಯ ತೊಡಕೊಂದಿತ್ತು. ನೋಟಿನ ಕಂತೆಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ ಕಾರು ತರುವ ಗತ್ತು 2017ರ ಏಪ್ರಿಲ್ ಒಂದಕ್ಕೇ ಮುಗಿದಿದೆ. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕೆ ಮಿಕ್ಕಿ ನಗದು ಸ್ವೀಕರಿಸಿದರೆ, ಸ್ವೀಕರಿಸಿದವನಿಗೆ ಅಷ್ಟೇ ಮೊತ್ತದ ದಂಡ. ಆದ್ದರಿಂದ ಈಗ 'ನಗದು' ಎಂದರೆ ಚೆಕ್ಕು, ಇಲ್ಲವೆ ಖಾತೆಯಿಂದ ಖಾತೆಗೆ ವರ್ಗ. ಇದನ್ನು ಕೇಳಿ ತಮ್ಮ, "ಹಂಗಾರ ರೊಕ್ಕ ಕಣ್ಣಿಗೂ ಕಾಣಂಗಿಲ್ಲನು!" ಎಂದು ಉದ್ಗರಿಸಿದ. ಹಣ ಕೈಬಿಟ್ಟು ಹೋಗುವುದನ್ನು ಕಣ್ಣಾರೆ ಕಂಡರಷ್ಟೆ ಖರ್ಚಿನ ನೋವು ತಿಳಿಯುತ್ತದೆಂಬುದು ಅವನ ಮತ. ಅದು ತೀರ ತಪ್ಪೂ ಅಲ್ಲ.

ಒಂದು ಕಾಲಕ್ಕೆ ಈ ಚರ್ಚೆಯೇ ಇರಲಿಲ್ಲವೆಂಬುದನ್ನು ಹಳಬರು ಬಲ್ಲರು. ಅಂಬಾಸಡರ್, ಫಿಯೆಟ್ಟುಗಳ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕಾಗಿತ್ತು. ಹಣ ಹೇಗೆ ಎಂಬುದಕ್ಕಿಂತ ಕಾರು ಎಂದು ಎಂಬುದೇ ಅಂದಿನ ಚಿಂತೆ. 1983ರ ಡಿಸೆಂಬರಿನಲ್ಲಿ ಮಾರುತಿ ಬಂದಾಗಲೂ ಜನ ಹತ್ತು ಸಾವಿರ ಮುಂಗಡ ಕಟ್ಟಿ ಚೀಟಿಯ ಅದೃಷ್ಟ ನೋಡಿದರು. ಇಂದು ಕಾರು ಬಾಗಿಲಿಗೆ ಬಂದು ನಿಲ್ಲುತ್ತದೆ, ಸಾಲ ಅದಕ್ಕೂ ಮೊದಲೇ ಬಂದು ನಿಂತಿರುತ್ತದೆ.

ಎರಡನೆಯವನು ಅಳಿಯ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಹಣವನ್ನೂ ಅವನು ಬೀಜವೆಂದೇ ತಿಳಿದವನು. ಡಬ್ಬಿಯಲ್ಲಿಟ್ಟರೆ ಹುಳ ಹಿಡಿಯುತ್ತದೆ, ಬಿತ್ತಬೇಕು. ಖಂಡೇ ಪೂಜೆಗೆ ಎರಡು ದಿನ ಮೊದಲು ಬಂದು, ಮಾವನವರ ಎದುರಿಗೆ ಹಾಳೆ ಬಿಡಿಸಿ ಲೆಕ್ಕ ಬರೆದ. ಐದು ಲಕ್ಷದ ಠೇವಣಿ ಶೇಕಡಾ 7ರಂತೆ ತ್ರೈಮಾಸಿಕ ಚಕ್ರಬಡ್ಡಿಯಲ್ಲಿ ಐದು ವರ್ಷಕ್ಕೆ 7,07,389 ಆಗುತ್ತದೆ. ಬಡ್ಡಿಯೇ 2 ಲಕ್ಷ 7 ಸಾವಿರ. ಬ್ಯಾಂಕಿನ ಕಾರುಸಾಲ ಶೇಕಡಾ 9ರಂತೆ ಐದು ಲಕ್ಷಕ್ಕೆ ತಿಂಗಳ ಕಂತು 10,379; ಅರವತ್ತು ಕಂತಿಗೆ ತೆರುವ ಒಟ್ಟು ಬಡ್ಡಿ 1 ಲಕ್ಷ 22 ಸಾವಿರ ಚಿಲ್ಲರೆ.

"ನೋಡ್ರಿ ಮಾವಾರ, ಸಾಲ ಮಾಡಿದ್ರ ಎಂಬತ್ನಾಲ್ಕು ಸಾವಿರ ಲಾಭ! ರೊಕ್ಕ ಕೊಟ್ಟು ತೊಗೊಂಡವ್ರು ಶ್ಯಾಣ್ಯಾರಲ್ಲ."

ಏಳರ ಬಡ್ಡಿ ಪಡೆದು ಒಂಬತ್ತರ ಬಡ್ಡಿ ತೆತ್ತು ಲಾಭ ಮಾಡಿಕೊಳ್ಳುವ ಈ ಚಮತ್ಕಾರವನ್ನು ಕಂಡು ಮಾಸ್ತರರು ಅರ್ಧ ಗಂಟೆ ಸುಮ್ಮನಿದ್ದರು. ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ; ಲೆಕ್ಕವೇ ತಪ್ಪಾಗಿತ್ತು. ಆಮೇಲೆ ಕನ್ನಡಕ ಒರೆಸಿಕೊಂಡು ಕೇಳಿದರು: "ತಿಂಗಳಾ ಹತ್ತು ಸಾವಿರದ ಮುನ್ನೂರ ಎಪ್ಪತ್ತೊಂಬತ್ತು ಆಕಾಶದಿಂದ ಉದರತಾವೇನ್ರೀ ಅಳಿಯಂದಿರ? ನನ್ನ ಪಿಂಚಣಿಯಿಂದಲೇ ಹೋಗಬೇಕಲ್ಲ!"

ದೋಷ ಇದ್ದುದು ಅಲ್ಲಿಯೇ. ಸಾಲ ಮಾಡಿದವನು ಠೇವಣಿಯನ್ನು ಉಳಿಸಿಕೊಂಡನು, ಸರಿ. ಆದರೆ ಪ್ರತಿ ತಿಂಗಳೂ ಪಿಂಚಣಿಯಿಂದ ಕಂತು ಕಳೆದುಕೊಂಡನು. ನಗದು ಕೊಟ್ಟವನಿಗೆ ಆ ಕಂತು ಮನೆಯಲ್ಲೇ ಉಳಿಯುತ್ತದೆ. ಅದೇ 10,379ನ್ನು ಅವನು ತಿಂಗಳು ತಿಂಗಳೂ ಅದೇ ಶೇಕಡಾ 7ರ ಆವರ್ತ ಠೇವಣಿಗೆ ಹಾಕುತ್ತ ಬಂದರೆ ಐದು ವರ್ಷದ ಕೊನೆಗೆ ಸುಮಾರು 7 ಲಕ್ಷ 42 ಸಾವಿರ ಕೂಡುತ್ತದೆ. ಅಳಿಯನ ಏಳು ಲಕ್ಷ ಏಳು ಸಾವಿರಕ್ಕಿಂತ ಅದು ಮೂವತ್ತೈದು ಸಾವಿರ ಮುಂದೆ. ಠೇವಣಿಯ ಬಡ್ಡಿಗೆ ಆದಾಯ ತೆರಿಗೆಯ ಕಾಟ ಬೇರೆ. ಇಡೀ ಸಾಲದ ಬಡ್ಡಿಯನ್ನೂ ಇಡೀ ಠೇವಣಿಯ ಬಡ್ಡಿಯನ್ನೂ ಎದುರುಬದುರು ನಿಲ್ಲಿಸಿ ಕುಸ್ತಿ ಆಡಿಸುವ ಈ ಪರಿ ಕಾರಿನ ಮಳಿಗೆಗಳಲ್ಲಿ ಬಹಳ ಜನಪ್ರಿಯವಾದುದು. ಗೃಹಸ್ಥರು ಕಂತಿನ ಹಣ ಎಲ್ಲಿಂದ ಬರುತ್ತದೆಂದು ಒಮ್ಮೆ ಕೇಳಿದರೆ ಸಾಕು, ಒಬ್ಬ ಪೈಲ್ವಾನ ಅಖಾಡ ಬಿಟ್ಟು ಓಡುತ್ತಾನೆ.

ಅಳಿಯ ಸೋತರೂ ಒಂದು ಮಾತು ಆಡಿದ. ಅದು ಮಾಸ್ತರರಿಗೆ ನಾಟಿತು. "ತಿಂಗಳಾ ತಪ್ಪದಂಗ ಹಾಕವ್ರು ಯಾರ್ರೀ ಮಾವಾರ? ಬ್ಯಾಂಕಿನವ ಕೇಳಿದ್ರ ಕೊಡತೀವಿ. ನಮ್ಮ ಮನಸ್ಸು ಬಂದು ಕೇಳಿದ್ರ, 'ನಾಳೆ ಬಾ' ಅಂತ ಬಾಗಿಲಿಗೆ ಬರದು ಕಳಸತೀವಿ."

ಮಳಿಗೆಯಲ್ಲಿ ಇನ್ನೊಂದು ಆಶ್ಚರ್ಯ ಕಾದಿತ್ತು. ಪೂರ್ತಿ ಹಣ ಒಮ್ಮೆಗೇ ಕೊಡುತ್ತೇವೆಂದರೆ ಮಾರುವವನು ಹಿಗ್ಗಿ ರಿಯಾಯಿತಿ ಕೊಟ್ಟಾನು ಎಂದು ಮಾಸ್ತರರು ಎಣಿಸಿದ್ದರು. ಅಲ್ಲಿಯ ಹುಡುಗನ ಮುಖ ಬಾಡಿತು. ಸಾಲ ಕೊಡಿಸಿದರೆ ಸಾಲಸಂಸ್ಥೆಯಿಂದ ಮಳಿಗೆಗೆ ಕಮಿಶನ್ನು ಬರುತ್ತದೆ. ನಗದು ಗಿರಾಕಿಯಿಂದ ಏನು ಬಂದೀತು? "ಬ್ಯಾಂಕಿನಾಗ ಒಂಬತ್ತು ಯಾಕ್ರೀ ಸರ್, ನಮ್ಮ ಕಡೆ ಬರೇ ಐದು ಪರ್ಸೆಂಟ್" ಎಂದು ಅವನು ಕಿವಿಯಲ್ಲಿ ಹೇಳಿದ. ಐದು ಎಂದರೆ ಮೊದಲ ದಿನದ ಐದು ಲಕ್ಷದ ಮೇಲೆಯೇ ಐದೂ ವರ್ಷ ಬಡ್ಡಿ, ತೀರಿಸಿದ ಅಸಲಿಗೂ ಬಡ್ಡಿ! ಒಟ್ಟು 1,25,000; ಕಂತು 10,417. ಹೀಗೆ 'ಐದು' ಎಂಬುದು ಬ್ಯಾಂಕಿನ ಒಂಬತ್ತಕ್ಕಿಂತ ತುಸು ಹೆಚ್ಚೇ ಆಯಿತು. ಮಾಸ್ತರರು ಹುಡುಗನನ್ನು ಬಯ್ಯಲಿಲ್ಲ, ಗುರುತು ಹಿಡಿದರು. ಬಡ್ಡಿಯ ಪಾಠದ ದಿನಗಳಲ್ಲಿ ಹಿಂದಿನ ಬೆಂಚಿನಲ್ಲಿ ಕಿಟಕಿಯಾಚೆ ನೋಡುತ್ತಿದ್ದವನು.

ಅಂತೂ ನಗದೇ ಲೇಸು ಎಂದು ಮನೆಗೆ ಬಂದು, ಠೇವಣಿಯ ರಸೀದಿಯನ್ನು ಟ್ರಂಕಿನಿಂದ ತೆಗೆಯುವಾಗ, ಅದುವರೆಗೆ ಒಂದು ಮಾತನ್ನೂ ಆಡದಿದ್ದ ಮನೆಯವರು ಕಾಲು ನೀಡಿಕೊಂಡು ಕುಳಿತಲ್ಲಿಂದಲೇ ಕೇಳಿದರು: "ಶೇಕಡಾ ಮೂರು ಅಂದ್ರ ವರ್ಷಕ್ಕ ಎಷ್ಟ್ರೀ?"

"ಯಾವ ಮೂರು?"

"ತಿಂಗಳಿಗೆ, ನೂರಕ್ಕ ಮೂರು."

"ಮೂವತ್ತಾರು. ಯಾಕ?"

"ನಿಮ್ಮ ತಮ್ಮ ಕಟ್ಟಲಿಕ್ಕೆ ಹತ್ಯಾನ. ಒಂದೂವರೆ ಲಕ್ಷದ ಮ್ಯಾಲ."

2024ರ ಮಾರ್ಚ್ 11, ಸೋಮವಾರ, ಬ್ಯಾಡಗಿ ಮಾರುಕಟ್ಟೆಯಲ್ಲಿ ನಡೆದುದನ್ನು ನಾಡೆಲ್ಲ ಓದಿತ್ತು. ಮೆಣಸಿನಕಾಯಿಯ ದರ ಇದ್ದಕ್ಕಿದ್ದಂತೆ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು. ಕಲ್ಲು ಬಿದ್ದವು, ವಾಹನಗಳು ಉರಿದವು. ಕಡುಗೆಂಪು ಬಣ್ಣಕ್ಕೂ ಹಿತವಾದ ಖಾರಕ್ಕೂ ಹೆಸರಾಗಿ, 2011ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯನ್ನೂ ಪಡೆದ ಆ ಬೆಳೆ, ತಮ್ಮನ ಪಾಲಿಗೆ ಆ ವರ್ಷ ಗೊಬ್ಬರದ ಅಂಗಡಿಯ ಬಾಕಿಗೂ ಸಾಲಲಿಲ್ಲ. ಒಂದಿಷ್ಟು ಚೀಲಗಳನ್ನು ಶೀತಲಗೃಹದಲ್ಲಿಟ್ಟು, ದರ ಏರುವವರೆಗೆಂದು ಕೈಸಾಲ ತೆಗೆದ. ಅಣ್ಣನಲ್ಲಿ ಕೇಳಲಿಲ್ಲ. ಅಣ್ಣ ಆಗಿನ್ನೂ ನಿವೃತ್ತನಾಗಿರಲಿಲ್ಲ, ಮನೆಯ ಸಾಲದ ಕೊನೆಯ ಕಂತುಗಳಿದ್ದವು. ಅವನ ಹೆಂಡತಿ ತನ್ನ ನೆಗೆಣ್ಣಿಯ ಕಿವಿಯಲ್ಲಿ ಮಾತ್ರ ಹೇಳಿ, ಗಂಡಸರಿಗೆ ತಿಳಿಯಬಾರದೆಂದು ಕೈಮೇಲೆ ಕೈ ಹಾಕಿಸಿಕೊಂಡಿದ್ದಳು. ಒಂದೂವರೆ ವರ್ಷ ಆ ಮಾತು ಈ ಮನೆಯ ಅಡಿಗೆಕೋಣೆಯಿಂದ ಹೊರಬಿದ್ದಿರಲಿಲ್ಲ.

ಸಾಲದ ಮಾತು ಬ್ಯಾಡ ಎಂದು ಕಂಬಕ್ಕೊರಗಿ ಹೇಳಿದವನ ಮುಖ ಮಾಸ್ತರರ ಕಣ್ಣಿಗೆ ಕಟ್ಟಿತು. ತಿಂಗಳಿಗೆ ನಾಲ್ಕೂವರೆ ಸಾವಿರ. ಹದಿನೆಂಟು ತಿಂಗಳಿಗೆ 81,000 ತೆತ್ತೂ ಅಸಲು ಹಾಗೆಯೇ ಇದೆ. ಏಳು ಹೆಚ್ಚೋ ಒಂಬತ್ತು ಹೆಚ್ಚೋ ಎಂದು ವಾರವಿಡೀ ವಾದಿಸಿದ ಮನೆಯಲ್ಲಿ, ರಕ್ತಸಂಬಂಧವೊಂದು ಮೂವತ್ತಾರರಲ್ಲಿ ಬೇಯುತ್ತಿದ್ದುದು ಯಾವ ಹಾಳೆಯಲ್ಲಿಯೂ ಬಂದಿರಲಿಲ್ಲ.

ಆ ರಾತ್ರಿ ಮಾಸ್ತರರು ಹೊಸ ಹಾಳೆ ತೆಗೆದರು. ಐದು ಲಕ್ಷದಲ್ಲಿ ಒಂದೂವರೆ ತಮ್ಮನ ಸಾಲಕ್ಕೆ. ಒಂದೂವರೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಬೇಕಾದೀತೆಂದು ಮುಟ್ಟದೆ ಇಡುವುದಕ್ಕೆ. ಉಳಿದ ಎರಡು ಲಕ್ಷ ಕಾರಿಗೆ. ಕಾರಿಗೆ ಕಡಿಮೆ ಬಿದ್ದ ಮೂರು ಲಕ್ಷ ಬ್ಯಾಂಕಿನಿಂದ, ಮೂರೇ ವರ್ಷಕ್ಕೆ, ಶೇಕಡಾ 9ರಂತೆ. ಕಂತು 9,540, ಮೂರು ವರ್ಷದ ಒಟ್ಟು ಬಡ್ಡಿ 43,440. ತಮ್ಮ ಒಂದು ವರ್ಷಕ್ಕೆ ತೆರುತ್ತಿದ್ದುದು 54,000! ಐದು ವರ್ಷದ ಅವಧಿಯಲ್ಲಿ ಕಂತು ಹಗುರವಾಗಿ ಕಾಣುತ್ತಿತ್ತು, ಆದರೆ ಅರವತ್ತು ದಾಟಿದವರು ಸಾಲವನ್ನು ಉದ್ದ ಎಳೆಯಬಾರದೆಂದು ಅವರಿಗೆ ತೋರಿತು. ಚರ ಬಡ್ಡಿದರದ ಸಾಲವನ್ನೇ ಕೇಳಿ ಪಡೆದರು. ವ್ಯಕ್ತಿಗಳು ಅಂಥ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕುಗಳು ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕು 2014ರಲ್ಲಿಯೇ ವಿಧಿಸಿದೆ. ಈ ಒಂದು ಪ್ರಶ್ನೆಯನ್ನು ಸಹಿ ಹಾಕುವ ಮೊದಲು ಕೇಳುವವರು ಕಡಿಮೆ.

ವಿಜಯದಶಮಿಯ ಸಂಜೆ ತಮ್ಮ ಬನ್ನಿ ಕೊಡಲು ಬಂದ. ಅಣ್ಣನ ಕಾಲು ಮುಟ್ಟಿ, "ಬನ್ನಿ ತೊಗೊಂಡು ಬಂಗಾರದಂಗ ಇರೂಣು" ಎಂದು ಎಲೆಗಳನ್ನು ಕೈಗಿಟ್ಟ. ಮಾಸ್ತರರು ತಿರುಗಿ ಕೊಟ್ಟ ಬನ್ನಿಯ ಕೆಳಗೆ ಚೆಕ್ಕು ಇತ್ತು. ಅವನು ಅದನ್ನು ಓದಿದ. ಓದಿ, ಅಡಿಗೆಕೋಣೆಯ ಬಾಗಿಲ ಕಡೆ ನೋಡಿದ.

"ವೈನಿ, ನೀವ ಹೇಳಿದಿರೇನು?"

"ನಾ ಬಡ್ಡಿ ಎಷ್ಟಂತ ಲೆಕ್ಕ ಕೇಳಿದೆ ತಮ್ಮಾ, ಅಷ್ಟ."

"ಇದಕ್ಕ ಬಡ್ಡಿ?"

"ವರ್ಷಾ ಮನಿಗೆ ಸಾಲುವಷ್ಟು ಡಬ್ಬಿ ಮೆಣಸಿನಕಾಯಿ. ಅಸಲು ಸುಗ್ಗಿ ಆದಮ್ಯಾಲ."

ಅವನು ಚೆಕ್ಕನ್ನು ಬನ್ನಿಯೆಲೆಯೊಂದಿಗೇ ಮಡಿಚಿ ಜೇಬಿಗಿಟ್ಟುಕೊಂಡು, ಚಹಾ ಕುಡಿಯದೆ ಎದ್ದು ಹೋದ. ಮರುದಿನ ಗುಮಾಸ್ತಿಯ ಧ್ವನಿಯಲ್ಲಿ ದೂರವಾಣಿ ಮಾಡಿ, ಸಾಲ ತೀರಿಸಿ ಪತ್ರ ಹರಿಸಿದ್ದಾಗಿ ತಿಳಿಸಿದ, ಬೇರೆ ಮಾತಿಲ್ಲ.

ದೀಪಾವಳಿಯ ಪಾಡ್ಯಕ್ಕೆ ಕಾರು ಬಂತು. ಕೆಲವು ದಿನಗಳ ತರುವಾಯ ನೋಂದಣಿಯ ಕಾರ್ಡೂ ಬಂತು. ಕೆಎ 27ರ ಸಂಖ್ಯೆ, ಮಾಸ್ತರರ ಹೆಸರು, ಅದರ ಜೊತೆಗೆ ಒತ್ತೆ ಹಿಡಿದ ಬ್ಯಾಂಕಿನ ಹೆಸರು. ಸಾಲ ತೀರಿದ ದಿನ ಬ್ಯಾಂಕಿನ ಪತ್ರದೊಂದಿಗೆ 35ನೆಯ ನಮೂನೆ ತುಂಬಿ ಆರ್‌ಟಿಓ ಕಚೇರಿಗೆ ಕೊಟ್ಟು ಆ ಹೆಸರನ್ನು ತೆಗೆಸಬೇಕು. ಮರೆಯಬಾರದೆಂದು ಮಾಸ್ತರರು ಟ್ರಂಕಿನ ಮುಚ್ಚಳದ ಒಳಬದಿಗೆ ಚೀಟಿ ಅಂಟಿಸಿದರು. ಅಪ್ಪ ಬಿಡಿಸಿಕೊಂಡ ಒತ್ತಿಪತ್ರ ಇರುವುದೂ ಅದೇ ಟ್ರಂಕಿನಲ್ಲಿ.

ತಮ್ಮ ಕಾರ್ಡನ್ನು ಹಿಂದುಮುಂದು ನೋಡಿ ಹೇಳಿದ: "ಅಣ್ಣಾ, ಗಾಡಿ ನಿಂದಲ್ಲ, ಬ್ಯಾಂಕಿಂದು."

"ಗಾಲಿ ನಿನ್ನವು, ಸುಮ್ಮನ ಹತ್ತು" ಎಂದರು ಮಾಸ್ತರರು.

ಹುಬ್ಬಳ್ಳಿಯ ಮೊದಲ ಪ್ರಯಾಣಕ್ಕೆ ಅವನೂ ಹೊರಟ. ಶೀತಲಗೃಹದಿಂದ ತಂದ ಮೆಣಸಿನಕಾಯಿಯ ಚೀಲವೊಂದನ್ನು, ಮೊದಲ ಬಡ್ಡಿ ಎಂದು, ಯಾರಿಗೂ ಹೇಳದೆ ಹಿಂದಿನ ಆಸನದ ಕೆಳಗೆ ತುರುಕಿದ್ದ. ಖಾರ ಕಡಿಮೆ ಎಂದು ಹೆಸರಾದದ್ದೇ ನಿಜ. ಆದರೆ ಗಾಜು ಏರಿಸಿದ ಹೊಸ ಕಾರಿನಲ್ಲಿ ಅದರ ಕೀರ್ತಿ ಬೇರೆಯೇ ಆಯಿತು. ಬಂಕಾಪುರ ದಾಟುವಷ್ಟರಲ್ಲಿ ಮೂವರೂ ಸೀನಿ ಸೀನಿ ಕಣ್ಣೊರೆಸಿಕೊಳ್ಳುತ್ತ, ರಸ್ತೆಯ ಬದಿಗೆ ಕಾರು ನಿಲ್ಲಿಸಿ ನಾಲ್ಕೂ ಬಾಗಿಲು ತೆರೆದು ಕುಳಿತಿದ್ದರು.