ತೂಕಡಿಕೆಯ ಕಡತ

ಧೂಳಿನ ಸೀನಿಗೆಂದು ಒಂದು ಮಾತ್ರೆ ನುಂಗಿ, ಊಟ ಮುಗಿಸಿ, ಮಧ್ಯಾಹ್ನದ ಉಪನ್ಯಾಸಕ್ಕೆ ಹೋಗಿ ಕೂರುವುದು ಎಂಟೆದೆಯವರ ಕೆಲಸ. ಮೈಕು ಕಿವಿಯ ಪಕ್ಕದಲ್ಲೇ ಅರಚುತ್ತಿದ್ದರೂ ಭಾಷಣಕಾರರು ಪಂಪನಿಂದ ಕುಮಾರವ್ಯಾಸನಿಗೆ ಯಾವಾಗ ದಾಟಿದರೋ ನನಗೆ ಪತ್ತೆಯಿರುವುದಿಲ್ಲ. ಹೆಂಡತಿ ಮೊಣಕೈಯಿಂದ ತಿವಿದು “ರೀ, ಗೊರಕೆ!” ಎಂದು ಪಿಸುಗುಟ್ಟಿದ್ದು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ.

ಸಜ್ಜನರು ಇದಕ್ಕೆ ನಿರಾಸಕ್ತಿ ಎನ್ನುತ್ತಾರೆ. ನಾನು ತಪ್ಪನ್ನು ಥಾಲಮಸ್ ಮೇಲೆ ಹಾಕುತ್ತೇನೆ. ಮಿದುಳಿನ ನಟ್ಟನಡುವೆ, ಎಡಕ್ಕೊಂದು ಬಲಕ್ಕೊಂದು, ಸುಮಾರು 3 ಸೆಂಟಿಮೀಟರ್ ಉದ್ದದ ಎರಡು ಗಂಟುಗಳು. ಕಣ್ಣು, ಕಿವಿ, ಚರ್ಮ, ನಾಲಿಗೆಯ ಸುದ್ದಿಯೆಲ್ಲ ಮೇಲಿನ ಕಾರ್ಟೆಕ್ಸ್‌ಗೆ ಹೋಗುವುದು ಇವುಗಳ ಮೂಲಕ. ನಮ್ಮ ತಾಲ್ಲೂಕು ಕಚೇರಿಯ ಹಾಗೆಯೇ ಇಲ್ಲೂ ಕೆಳಗಿನಿಂದ ಬರುವ ಅರ್ಜಿಗಿಂತ ಮೇಲಿನಿಂದ ಇಳಿಯುವ ಸುತ್ತೋಲೆಯೇ ಜಾಸ್ತಿ. ದೃಷ್ಟಿಯ ಸುದ್ದಿ ಸಾಗಿಸುವ ಥಾಲಮಸ್ ಕೋಶಗಳ ಮೇಲಿನ ಸಂಪರ್ಕಗಳಲ್ಲಿ ಕಣ್ಣಿನಿಂದ ಬಂದವು ನೂರಕ್ಕೆ 5ರಿಂದ 10 ಅಷ್ಟೆ. ಉಳಿದವು ಕಾರ್ಟೆಕ್ಸ್‌ನವು, ಆಸುಪಾಸಿನ ತಡೆಕೋಶಗಳವು, ಮಿದುಳುಕಾಂಡದವು. ಕಣ್ಣಾರೆ ಕಂಡೆ ಎಂದು ಆಣೆಯಿಡುವವರು ತುಸು ಯೋಚಿಸಬೇಕು.

ಈ ಕೋಶಗಳಿಗೆ ಎರಡು ಲಯ. ಎಚ್ಚರವಿದ್ದಾಗ ಬಂದ ಸುದ್ದಿಗೆ ತಕ್ಕಂತೆ ಒಂದೊಂದಾಗಿ ಮಿಡಿಯುತ್ತವೆ. ನಿದ್ದೆ ಬಂದಾಗ ಕೋಶದ ವೋಲ್ಟೇಜ್ ಇಳಿದು, ಒಂದು ಬಗೆಯ ಕ್ಯಾಲ್ಸಿಯಂ ದ್ವಾರ ಸಜ್ಜಾಗುತ್ತದೆ. ಆಗ ಒಮ್ಮೆಗೇ ಪಟಪಟನೆ ಸಿಡಿದು ಸುಮ್ಮನಾಗುತ್ತವೆ, ಮತ್ತೆ ಸಿಡಿಯುತ್ತವೆ. ಹೊರಗೆ ಪಂಪನಿರಲಿ, ಕುಮಾರವ್ಯಾಸನಿರಲಿ, ತಾಳ ಅದೇ. ಹೀಗಾಗದಂತೆ ನೋಡಿಕೊಳ್ಳುವುದು ಅಸಿಟೈಲ್‌ಕೋಲಿನ್, ನಾರ್‌ಅಡ್ರಿನಲಿನ್, ಹಿಸ್ಟಮಿನ್ ಎಂಬ ರಾಸಾಯನಿಕಗಳು. ಕೋಶದಿಂದ ಪೊಟ್ಯಾಸಿಯಂ ಸೋರುವುದನ್ನು ತಗ್ಗಿಸಿ ವೋಲ್ಟೇಜನ್ನು ಮೇಲಕ್ಕೆತ್ತಿ ಹಿಡಿಯುತ್ತವೆ. ಹಿಸ್ಟಮಿನ್ ಎಂದರೆ ಮೂಗಿನಲ್ಲಿ ಸೀನು ಹುಟ್ಟಿಸುವ ಅದೇ ಹಿಸ್ಟಮಿನ್. ಹಳೆಯ ನಮೂನೆಯ ಅಲರ್ಜಿ ಮಾತ್ರೆಗೆ ಮೂಗು ಯಾವುದು, ಮಿದುಳು ಯಾವುದು ಎಂಬ ವಿವೇಚನೆಯಿಲ್ಲ. ರಕ್ತದಿಂದ ಮಿದುಳಿಗೂ ನುಸುಳಿ ಅಲ್ಲೂ ಅದರ ಕೆಲಸ ಕೆಡಿಸುತ್ತದೆ. ಇನ್ನು ಹೆಂಡತಿಯ ತಿವಿತ: ಅದಕ್ಕೆ ಓಗೊಡುವುದು ಮಿದುಳುಕಾಂಡದ ‘ನೀಲಿ ಚುಕ್ಕೆ’, ಲೋಕಸ್ ಸೆರುಲಿಯಸ್. ಇರುವುದು ಕೆಲವು ಹತ್ತು ಸಾವಿರ ಕೋಶ; ನಾರ್‌ಅಡ್ರಿನಲಿನ್ ಚಿಮುಕಿಸುವುದು ಹೆಚ್ಚುಕಡಿಮೆ ಇಡೀ ಮಿದುಳಿಗೆ.

ವಾಸನೆಯೊಂದೇ ಥಾಲಮಸ್ಸಿನ ಮೊಹರು ಬೀಳದೆ ನೇರವಾಗಿ ಕಾರ್ಟೆಕ್ಸ್‌ಗೆ ನುಗ್ಗುವುದು. ಹಾಗಾದರೆ ಕಾಫಿಯ ಘಮಕ್ಕೆ ಎಚ್ಚರವಾಗಬೇಕಲ್ಲ? 2004ರಲ್ಲಿ ಅಮೆರಿಕದಲ್ಲಿ ನಿದ್ರಿಸುತ್ತಿದ್ದವರ ಮೂಗಿಗೆ ಪುದೀನದ ಪರಿಮಳವನ್ನೂ ಪಿರಿಡಿನ್‌ನ ದುರ್ನಾತವನ್ನೂ ಹಿಡಿದು ನೋಡಿದರು. ನಿದ್ದೆ ಗಟ್ಟಿಯಾದ ಮೇಲೆ ಎರಡಕ್ಕೂ ನೆಚ್ಚುವ ಹಾಗೆ ಯಾರೂ ಏಳಲಿಲ್ಲ, ಶಬ್ದಕ್ಕೆ ಎದ್ದರು. ಬೆಳಿಗ್ಗೆ ನಮ್ಮನ್ನು ಎಬ್ಬಿಸುವುದು ಕಾಫಿಯಲ್ಲ, ಅಡುಗೆಮನೆಯ ಪಾತ್ರೆಗಳ ಸದ್ದು.

ಥಾಲಮಸ್ಸನ್ನು ಎಚ್ಚರವಾಗಿಡುವ ಆ ರಾಸಾಯನಿಕಗಳ ಸುಳಿವು ಸಿಕ್ಕಿದ್ದೂ ಹಾಸಿಗೆಯಲ್ಲೇ. ಆಸ್ಟ್ರಿಯಾದ ಗ್ರಾಜ್‌ನಲ್ಲಿದ್ದ ಓಟೊ ಲೋವಿ ಒಂದು ರಾತ್ರಿ ಕನಸಿನಲ್ಲಿ ಹೊಳೆದ ಪ್ರಯೋಗವನ್ನು ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಿಗ್ಗೆ ತಮ್ಮ ಬರಹ ತಮಗೇ ಓದಲು ಬರಲಿಲ್ಲ. ಮರುರಾತ್ರಿ ಮೂರು ಗಂಟೆಗೆ ಅದೇ ಯೋಚನೆ ಮರಳಿತು. ಈ ಸಲ ಬರೆಯುವ ಗೋಜಿಗೇ ಹೋಗದೆ ಪ್ರಯೋಗಾಲಯಕ್ಕೆ ನಡೆದರು. ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಕೆಣಕಿ, ಆ ಹೃದಯ ತೊಯ್ದಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ಮೊದಲನೆಯದರ ಹಾಗೆಯೇ ಅದೂ ನಿಧಾನವಾಯಿತು. 1921ರಲ್ಲಿ ಫಲಿತಾಂಶ ಪ್ರಕಟವಾಯಿತು. ದ್ರವದಲ್ಲಿದ್ದದ್ದು ಅಸಿಟೈಲ್‌ಕೋಲಿನ್ ಎಂದು ಆಮೇಲೆ ತಿಳಿಯಿತು. 1936ರ ನೊಬೆಲ್ ಹೆನ್ರಿ ಡೇಲ್ ಜೊತೆ ಅವರಿಗೆ ಬಂತು. ಕನಸಿನ ಹೊತ್ತಿನಲ್ಲಿ ಥಾಲಮಸ್ಸನ್ನು ಚುರುಕಾಗಿಡುವುದೂ ಇದೇ ಅಸಿಟೈಲ್‌ಕೋಲಿನ್. ನೀಲಿ ಚುಕ್ಕೆ ಆಗ ಹೆಚ್ಚುಕಡಿಮೆ ಮೌನ. ಕನಸುಗಳು ಬೆಳಗಾಗುವುದರೊಳಗೆ ಜಾರಿಹೋಗಲು ಆ ಮೌನವೂ ಒಂದು ಕಾರಣವಿರಬೇಕೆಂದು ಕೆಲವು ಸಂಶೋಧಕರ ಊಹೆ. ಲೋವಿಯವರ ಕೈಬರಹವನ್ನು ಬೈಯುವವರು ಇದನ್ನೂ ಗಣನೆಗೆ ತೆಗೆದುಕೊಳ್ಳಬೇಕು.